ಓವನ್‌ನಲ್ಲಿ ನಿಪ್ಪಟ್ಟು ಗರಿಗರಿಯಾಗಬೇಕಾದರೆ ಏನು ಮಾಡಬೇಕು?

ಪ್ರಶ್ನೆ:
ಮನೆಯ ಹಿರಿಯರಿಗೆ ಕರಿದ ತಿಂಡಿ ಬೇಡವೆಂದು ವೈದ್ಯರು ಹೇಳಿರುವುದರಿಂದ, ಈ ಸಲದ ಗೌರಿ ಹಬ್ಬಕ್ಕೆ ನಿಪ್ಪಟ್ಟನ್ನು ಓವನ್‌ನಲ್ಲಿ ಬೇಯಿಸಬೇಕೆಂದಿದ್ದೇನೆ. ಆದರೆ ಅಕ್ಕಿ ಹಿಟ್ಟು, ಹುರಿಗಡಲೆ ಪುಡಿ, ಕಡಲೆಕಾಯಿ ಬೀಜ, ಇಂಗು, ಕರಿಬೇವುಗಳನ್ನು ಕರಿಯುವುದಕ್ಕೆ ಕಲಸುವಂತೆಯೇ ಕಲಸಿ ತಟ್ಟಿಟ್ಟರೆ, ಬಣ್ಣವೂ ಬರದೆ, ಹಲ್ಲಿಗೆ ಕಲ್ಲಿನಂತೆ ಸಿಗುತ್ತದೆ. ಹದದಲ್ಲಿ ಏನನ್ನು ಬದಲಾಯಿಸಬೇಕೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1:
ಕಾದ ಎಣ್ಣೆ ನಿಪ್ಪಟ್ಟನ್ನು ಎಲ್ಲ ಕಡೆಯಿಂದ ಒಮ್ಮೆಲೇ ಸುತ್ತುವರಿದು ಒಳಗಿನ ನೀರನ್ನು ಆವಿಯಾಗಿ ಹೊರಹಾಕುತ್ತದೆ. ಆ ಆವಿ ಬಿಟ್ಟುಹೋದ ಸಣ್ಣ ಸಣ್ಣ ತೂತುಗಳಿಂದಲೇ ಅದು ಗರಿಗರಿಯಾಗುವುದು. ಓವನ್‌ನ ಗಾಳಿ ಅಷ್ಟು ಬೇಗ ಶಾಖ ಮುಟ್ಟಿಸುವುದಿಲ್ಲವಾದ್ದರಿಂದ ನೀರು ನಿಧಾನವಾಗಿ ಆರಿ, ಹಿಟ್ಟು ಒತ್ತಾಗಿ ಬಿಗಿದುಕೊಳ್ಳುತ್ತದೆ. ಆದ್ದರಿಂದ ಜಿಡ್ಡು ಹಿಟ್ಟಿನೊಳಗೇ ಇರಬೇಕು. 1 ಕಪ್ ಅಕ್ಕಿ ಹಿಟ್ಟಿಗೆ ಕಾಲು ಕಪ್ ಹುರಿಗಡಲೆ ಪುಡಿ, ಕಾಲು ಕಪ್ ಮೈದಾ ಸೇರಿಸಿ, 3 ದೊಡ್ಡ ಚಮಚ ಕಾಯಿಸಿದ ಎಣ್ಣೆಯನ್ನು ಒಣ ಹಿಟ್ಟಿಗೇ ಚೆನ್ನಾಗಿ ಉಜ್ಜಿರಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳು ತಾಗಿಸಿದರೆ ಉದುರಬೇಕು. ಆಮೇಲೆ ಬಿಸಿನೀರು ಚಿಮುಕಿಸಿ ಕಲಸಿ, ಆದಷ್ಟು ತೆಳ್ಳಗೆ ತಟ್ಟಿ, ಫೋರ್ಕಿನಿಂದ ಚುಚ್ಚಿ, 170 ಡಿಗ್ರಿ ಸೆಲ್ಸಿಯಸ್‌ನಲ್ಲಿ 20ರಿಂದ 25 ನಿಮಿಷ ಬೇಯಿಸಿ, ನಡುವೆ ಒಮ್ಮೆ ಮಗುಚಿ. ಅಂಚು ಕೆಂಪಗಾದ ಮೇಲೆ ಓವನ್ ಆರಿಸಿ ಒಳಗೇ ತಣಿಯಲು ಬಿಟ್ಟರೆ ಉಳಿದ ಪಸೆಯೂ ಹೋಗುತ್ತದೆ.

ಉತ್ತರ 2:
ಮೇಲಿನ ಅಳತೆ ಸರಿಯಾಗಿದೆ. ಆದರೆ ಮೈದಾವನ್ನು ಇದಕ್ಕಿಂತ ಹೆಚ್ಚಿಸಿ, ಎಣ್ಣೆಯ ಬದಲು ಬೆಣ್ಣೆ ಹಾಕುತ್ತ ಹೋದರೆ ಕೊನೆಗೆ ಕೈಗೆ ಸಿಗುವುದು ಅಯ್ಯಂಗಾರ್ ಬೇಕರಿಯ ಖಾರಾ ಬಿಸ್ಕತ್ತೇ ಹೊರತು ನಿಪ್ಪಟ್ಟಲ್ಲ. (ಖಾರಾ ಬಿಸ್ಕತ್ತಿನ ಮೇಲೆ ನನಗೆ ಯಾವ ತಕರಾರೂ ಇಲ್ಲ.) ಮೈದಾದಲ್ಲಿ ಅರ್ಧವನ್ನು ತೆಗೆದು ಚಿರೋಟಿ ರವೆ ಹಾಕಿದರೆ ನಿಪ್ಪಟ್ಟಿನ ತರಿತರಿ ಉಳಿಯುತ್ತದೆ. ಕಡಲೆಕಾಯಿ ಬೀಜವನ್ನು ಮೊದಲೇ ಹುರಿದು ಕುಟ್ಟಿಕೊಳ್ಳಿ. ಇಡಿಯಾಗಿ ಹಾಕಿದರೆ ತೆಳ್ಳಗೆ ತಟ್ಟಲು ಬಾರದು. ಇನ್ನು ವೈದ್ಯರ ಮಾತಿಗೆ ಬಂದರೆ, 3 ದೊಡ್ಡ ಚಮಚ ಎಣ್ಣೆಯೆಂದರೆ ಸುಮಾರು 360 ಕ್ಯಾಲೊರಿ, ಕಡಲೆಕಾಯಿ ಬೀಜದಲ್ಲಿಯೂ ಹತ್ತಿರ ಹತ್ತಿರ ಅರ್ಧದಷ್ಟು ಕೊಬ್ಬಿರುತ್ತದೆ. ಹಿರಿಯರಿಗೆ ರಕ್ತದೊತ್ತಡವಿದ್ದರೆ ಉಪ್ಪನ್ನೂ ನೋಡಿಕೊಳ್ಳಬೇಕು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಇದೇ ಹಿಟ್ಟಿನಲ್ಲಿ ಕೋಡುಬಳೆಯನ್ನೂ ಮಾಡಬಹುದೇ?

ಉತ್ತರ 1:
ಕೋಡುಬಳೆ ದಪ್ಪವಾದ್ದರಿಂದ ಹೊರಗೆ ಸೀಯುವ ಹೊತ್ತಿಗೂ ಒಳಗೆ ಮೆತ್ತಗೇ ಉಳಿದಿರುತ್ತದೆ. ತೀರ ಸಪೂರಾಗಿ ಹೊಸೆದು, 150 ಡಿಗ್ರಿಯಲ್ಲಿ ಹೆಚ್ಚು ಹೊತ್ತು ಬಿಟ್ಟು ನೋಡಬಹುದು. ನನ್ನನ್ನು ಕೇಳಿದರೆ, ಅದನ್ನು ಎಣ್ಣೆಯಲ್ಲೇ ಕರಿದು ಹಿರಿಯರಿಗೆ ಒಂದೇ ಒಂದು ಕೊಡುವುದು ಮೇಲು.