ಒಣಮೀನು ತಿಂದರೆ ಗ್ಯಾಸ್ಟ್ರಿಕ್ಕಾ? 200 ಜನರ ಪಟ್ಟಿ ಸಾಕಾ?

ಪ್ರಶ್ನೆ (ಕಾರವಾರದ ನರ್ಸ್): ಡಾಕ್ಟ್ರೇ, ನಮ್ಮ ಕ್ಲಿನಿಕ್ಕಿಗೆ ಗ್ಯಾಸ್ಟ್ರಿಕ್ ಎಂದು ಬರುವವರೇ ಜಾಸ್ತಿ. ಹೆಚ್ಚಿನವರು ಒಣಮೀನು ತಿನ್ನುವವರು. 200 ಜನರ ಪಟ್ಟಿ ಮಾಡಿದ್ದೇನೆ. ಸಂಶೋಧನೆಗೆ ಇಷ್ಟು ಸಾಕಾ?

ಉತ್ತರ (ಸಮುದಾಯ ವೈದ್ಯಶಾಸ್ತ್ರದ ವೈದ್ಯೆ): 2000 ಮಾಡಿದರೂ ಸಾಲದು. ಕಾರವಾರದಲ್ಲಿ ಹೊಟ್ಟೆ ಸರಿ ಇರುವವರೂ ಒಣಮೀನು ತಿನ್ನುತ್ತಾರೆ, ಅಲ್ವಾ? ಅದೇ ಊರಿನ, ಅದೇ ವಯಸ್ಸಿನ, ಹೊಟ್ಟೆ ಸರಿ ಇರುವವರಿಗೂ ಅದೇ ಪ್ರಶ್ನೆ ಕೇಳಬೇಕು. ಹೀಗೆ ಕಾಯಿಲೆ ಇರುವವರನ್ನೂ ಇಲ್ಲದವರನ್ನೂ ಹೋಲಿಸುವುದೇ ಕೇಸ್-ಕಂಟ್ರೋಲ್ ಅಧ್ಯಯನ.

ಕೇಳುವುದರಲ್ಲೂ ಎಡವಟ್ಟಿದೆ. ಹೊಟ್ಟೆ ಉರಿ ಶುರುವಾಗಿ ಒಣಮೀನು ಬಿಟ್ಟವರು 'ನಾನು ತಿನ್ನುವುದೇ ಇಲ್ಲ' ಎನ್ನುತ್ತಾರೆ. ಇನ್ನು ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಹಸಿ ಮೀನು ಕಡಿಮೆ. ಆಗ ಕೇಳಿದರೆ 'ವಾರಕ್ಕೆ ನಾಲ್ಕು ದಿನ', ಜನವರಿಯಲ್ಲಿ ಕೇಳಿದರೆ 'ಅಪರೂಪಕ್ಕೆ'. ಹಾಗಾಗಿ ಕಾಯಿಲೆ ಶುರುವಾಗುವ ಮುಂಚಿನ ಇಡೀ ವರ್ಷದ ಊಟ ಕೇಳಿ.

ಅದಕ್ಕೂ ಮೊದಲು, ಗ್ಯಾಸ್ಟ್ರಿಕ್ ಅಂದರೆ ಏನು? ನಮ್ಮ ಕಡೆ ಎದೆಯುರಿ, ಹೊಟ್ಟೆಯುಬ್ಬರ, ಹುಣ್ಣು ಎಲ್ಲಕ್ಕೂ ಅದೇ ಹೆಸರು. ಹೃದಯಾಘಾತದ ನೋವಿಗೂ ಗ್ಯಾಸ್ ಮಾತ್ರೆ ನುಂಗಿ ಕೂತವರನ್ನು ನೋಡಿದ್ದೇನೆ. ಹುಣ್ಣಿಗೆ ಖಾರ, ಟೆನ್ಶನ್ನೇ ಕಾರಣ ಎಂದು ಡಾಕ್ಟರುಗಳೂ ನಂಬಿದ್ದರು. ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ 1984ರಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತ ತರಿಸಿಕೊಂಡರು. ಹುಣ್ಣಿನಲ್ಲಿ ಈ ಬ್ಯಾಕ್ಟೀರಿಯಾದ ಪಾತ್ರ ಕಂಡುಹಿಡಿದದ್ದಕ್ಕೆ ಅವರಿಗೆ ರಾಬಿನ್ ವಾರನ್ ಜೊತೆ 2005ರಲ್ಲಿ ನೊಬೆಲ್ ಬಂತು. ನಿಮ್ಮ ಅಧ್ಯಯನದಲ್ಲಿ ಈ ಸೋಂಕಿನ ಪರೀಕ್ಷೆ ಇಲ್ಲದಿದ್ದರೆ ಸುಮ್ನೆ ಮೀನಿನ ಮೇಲೆ ತಪ್ಪು ಬೀಳುತ್ತದೆ.

ಪ್ರಶ್ನೆ (ಶಿರಸಿಯಿಂದ ಇನ್ನೊಬ್ಬರು): ಹೊಟ್ಟೆ ಕ್ಯಾನ್ಸರಿನ ಲೆಕ್ಕ ಇಲ್ಲಿಯ ಆಸ್ಪತ್ರೆಗಳಲ್ಲೇ ಸಿಗುತ್ತದಲ್ಲ?

ಉತ್ತರ: ಪೂರ್ತಿ ಸಿಗದು. ದೊಡ್ಡ ಕಾಯಿಲೆ ಅಂದರೆ ಕಾರವಾರದವರು ಗೋವಾಕ್ಕೆ, ಭಟ್ಕಳದವರು ಮಣಿಪಾಲಕ್ಕೆ, ನಿಮ್ಮವರು ಹುಬ್ಬಳ್ಳಿಗೆ ಓಡುತ್ತಾರೆ. ಇಲ್ಲಿಯ ರಿಜಿಸ್ಟರು ನೋಡಿದವರಿಗೆ ಕಾಯಿಲೆಯೇ ಕಡಿಮೆ ಅನ್ನಿಸೀತು! ಎಲ್ಲಿ ಚಿಕಿತ್ಸೆ ಪಡೆದರೂ ವಾಸದ ಊರಿನ ಲೆಕ್ಕಕ್ಕೆ ಸೇರಿಸುವ ಕ್ಯಾನ್ಸರ್ ನೋಂದಣಿ ಬೇರೆ. ಬೆಂಗಳೂರಿನಲ್ಲಿ ಅದು 1982ರಿಂದ ಇದೆ.

ಪ್ರಶ್ನೆ (ನರ್ಸ್): ಇದನ್ನೆಲ್ಲ ಕಲಿಯುವುದು ಎಲ್ಲಿ? ಪಟ್ಟಿ ಬಿಸಾಕಲಾ?

ಉತ್ತರ: ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ, ತಿರುವನಂತಪುರದ ಶ್ರೀ ಚಿತ್ರಾ ವೈದ್ಯಕೀಯ ಸಂಸ್ಥೆ, ಎರಡರಲ್ಲೂ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಇದೆ. ಅರ್ಹತೆ ನೋಡಿಕೊಂಡು ಅರ್ಜಿ ಹಾಕಿ. ಪಟ್ಟಿಯನ್ನು ಬೀಗದೊಳಗೆ ಇಡಿ, ವಾಟ್ಸಾಪ್ ಗ್ರೂಪಿಗಂತೂ ಹಾಕಲೇಬೇಡಿ. ಸಂಶೋಧನೆ ರೋಗಿಗಳಿಗೆ ನ್ಯಾಯವಾಗಿದೆಯೇ ಎಂದು ನೋಡುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬರುವವರೆಗೆ ಅದು ರೋಗಿಗಳ ಗುಟ್ಟು, ನಿಮ್ಮ ಡೇಟಾ ಅಲ್ಲ.