ಎದುರುಬದುರು ನಿಂತು ವಾಲ್ಟ್ಜ್ ಲೈನ್ ಡ್ಯಾನ್ಸ್: ನೀವು ಹೇಗೆ ಕಲಿತಿರಿ?

ಪ್ರಶ್ನೆ:
ಲೈನ್ ಡ್ಯಾನ್ಸ್ (ಸಾಲಾಗಿ ನಿಂತು ಎಲ್ಲರೂ ಒಂದೇ ಹೆಜ್ಜೆ ಹಾಕೋ ಕುಣಿತ) ಕಲಿಯೋಕೆ ಸೇರಿ ನಾಲ್ಕು ತಿಂಗಳಾಯ್ತು. ಎಲ್ಲರೂ ಒಂದೇ ಕಡೆ ಮುಖ ಮಾಡಿ ಕುಣಿಯೋದಾದರೆ ಹೇಗೋ ಸುಧಾರಿಸ್ತೀನಿ. ಈಗ ನಿಧಾನದ ವಾಲ್ಟ್ಜ್, ಅಂದರೆ ಮೂರರ ತಾಳದ ಕುಣಿತ, ಶುರು ಮಾಡಿದ್ದಾರೆ. ಎರಡು ಸಾಲು ಎದುರುಬದುರು, 48 ಎಣಿಕೆ, ನಡುವೆ ಎದುರಿನವರ ಪಕ್ಕದಿಂದ ದಾಟಿ, ಅರ್ಧ ಸುತ್ತು ತಿರುಗಿ ಮತ್ತೆ ಮುಖಾಮುಖಿ. ಮನೇಲಿ ಒಬ್ಬಳೇ ಮಾಡಿದರೆ ಸರಿಯಾಗೇ ಬರುತ್ತೆ. ಎದುರಿಗೆ ಯಾರಾದರೂ ನಿಂತ ಕೂಡಲೇ ಎಡ ಬಲ ಎಲ್ಲ ಕಲಸುಮೇಲೋಗರ. ಕಳೆದ ವಾರ ಒಬ್ಬರಿಗೆ ಡಿಕ್ಕಿಯೂ ಹೊಡೆದೆ. ಹಾಡು ಇಷ್ಟು ನಿಧಾನ ಇದ್ದೂ ಯಾಕೆ ಹೀಗೆ? ಜೊತೆಗೆ ಮಂಡಿ ನೋವು ಬೇರೆ. ಅನುಭವ ಇದ್ದವರು ಹೇಳಿ.

ಉತ್ತರ 1:
ಎದುರಿನವರ ಕಾಲು ನೋಡ್ತಿದ್ದೀರಾ? ಹಾಗಿದ್ದರೆ ರೋಗ ಅಲ್ಲೇ ಇದೆ. ಕೈ ಹಿಡಿದು ಜೋಡಿಯಾಗಿ ಕುಣಿಯೋ ವಾಲ್ಟ್ಜ್‌ನಲ್ಲಿ ಒಬ್ಬರು ಎಡಗಾಲು ಮುಂದಿಟ್ಟರೆ ಇನ್ನೊಬ್ಬರು ಬಲಗಾಲು ಹಿಂದಿಡ್ತಾರೆ, ಕನ್ನಡಿಯ ಹಾಗೆ. ನಿಮ್ಮದು ಹಾಗಲ್ಲ, ಎರಡೂ ಸಾಲಿನವರು ಎಡಗಾಲಿಂದಲೇ ಶುರು. ಇಬ್ಬರೂ ತಮ್ಮ ತಮ್ಮ ಎಡಕ್ಕೆ ಹೋದರೆ ಒಬ್ಬರಿಂದೊಬ್ಬರು ದೂರ ಆಗಬೇಕು. ಕಣ್ಣಿಗೆ ಅದೇ ತಪ್ಪು ಅನ್ನಿಸುತ್ತೆ! ಅವರು ಆ ಕಡೆ ಹೋದರಲ್ಲಾ ಅಂತ ಕಾಲು ಅವರ ಹಿಂದೇ ಎಳೆಯುತ್ತೆ. ನಾನಂತೂ ಮೂರು ವಾರ ಹಾಗೇ ಎಳೆಸಿಕೊಂಡೆ. ಆಮೇಲೆ ಅವರ ಭುಜದ ಮೇಲಿಂದ ಹಿಂದಿನ ಗೋಡೆ ನೋಡೋದು ರೂಢಿ ಮಾಡಿಕೊಂಡೆ. ಕಣ್ಣಲ್ಲಿ ಕಣ್ಣಿಟ್ಟು ನಗುವಷ್ಟು ಧೈರ್ಯ ಬಂದಿದ್ದು ತುಂಬಾ ತಡವಾಗಿ.

ದಾಟುವಾಗ ಯಾವ ಭುಜ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಬಲಭುಜಕ್ಕೆ ಬಲಭುಜ ಅಂದರೆ ಇಬ್ಬರೂ ಒಂಚೂರು ತಮ್ಮ ಎಡಕ್ಕೆ ಸರಿಯಬೇಕು. ಶುರುವಲ್ಲೇ ನೇರ ಎದುರಿಗೆ ನಿಲ್ಲದೆ, ಎದುರು ಸಾಲಿನ ಇಬ್ಬರ ನಡುವಿನ ಸಂದಿಗೆ ಮುಖ ಮಾಡಿ ನಿಂತರೆ ಡಿಕ್ಕಿ ಹೊಡೆಯೋ ಪ್ರಮೇಯವೇ ಕಡಿಮೆ.

ಉತ್ತರ 2:
ಮೇಲಿನವರು ಹೇಳಿದ್ದು ನಿಜ, ಆದರೆ ನನಗೆ ತೊಂದರೆ ಇದ್ದದ್ದು ಎಣಿಕೆಯಲ್ಲಿ. ನಮಗೆ ಕಲಿಸಿದವರು ಒಂದು-ಎರಡು-ಮೂರು, ಒಂದು-ಎರಡು-ಮೂರು ಅಂತ ಅಷ್ಟೇ ಹೇಳ್ತಿದ್ದರು. ಮೂರು ಬೆಸ ಸಂಖ್ಯೆ ಅಲ್ವಾ, ಎಡ-ಬಲ-ಎಡ ಮುಗಿಯೋ ಹೊತ್ತಿಗೆ ಮುಂದಿನ 'ಒಂದು' ಬಲಗಾಲಿಗೆ ಬರುತ್ತೆ. ಅದರ ಮುಂದಿನದು ಮತ್ತೆ ಎಡಕ್ಕೆ. ನಾಲ್ಕರ ತಾಳಕ್ಕೆ ಒಗ್ಗಿದ ಕಾಲಿಗೆ ಇದು ಸುಲಭಕ್ಕೆ ಒಪ್ಪೋದಿಲ್ಲ.

ಅದಕ್ಕೆ ಆರರವರೆಗೆ ಎಣಿಸಿ. 1 ಅಂದರೆ ಎಡಗಾಲು, 4 ಅಂದರೆ ಬಲಗಾಲು, ಮಾತೇ ಇಲ್ಲ. 48 ಎಣಿಕೆ ಅಂದರೆ ಎಂಟು ಆರುಗಳು. ನಾನು ಪ್ರತಿ ಆರಕ್ಕೂ ಒಂದು ಅಡ್ಡಹೆಸರು ಇಟ್ಟಿದ್ದೆ: ಹೋಗಿ-ಬಾ, ಅಡ್ಡಡ್ಡ, ದಾಟು, ತಿರುಗು, ಹೀಗೆ. ದಾರಿ ತಪ್ಪಿದರೆ ಸುಮ್ಮನೆ ನಿಂತು ಮುಂದಿನ 1ಕ್ಕೆ ಕಾದು ಎಡಗಾಲು ಇಡೋದು. ತಪ್ಪು ಕಾಲಲ್ಲೇ ಬೆನ್ನಟ್ಟಿಕೊಂಡು ಹೋದರೆ ಕೊನೆವರೆಗೂ ಸರಿಹೋಗಲ್ಲ. ಸಂಖ್ಯೆ ಬೇಡ ಅನ್ನುವವರು ತಕಿಟ-ತಕಿಟ ಅಂದ್ಕೊಳ್ಳಿ, ಮೊದಲ ತಕಿಟ ಎಡದ್ದು, ಎರಡನೇದು ಬಲದ್ದು.

ಉತ್ತರ 3:
ಎರಡು ಕುರ್ಚಿ ಇಟ್ಟು ಅವುಗಳ ನಡುವೆ ದಾಟಿ ತಿರುಗಿ ನೋಡಿ. ಕುರ್ಚಿ ಬೈಯೋದಿಲ್ಲ. ವೀಡಿಯೊ ನೋಡಿ ಕಲಿಯೋದಾದರೆ ಕುಣಿಯೋರ ಬೆನ್ನ ಹಿಂದಿನಿಂದ ತೆಗೆದದ್ದನ್ನೇ ಹುಡುಕಿ, ಆಗ ಅವರ ಎಡವೇ ನಿಮ್ಮ ಎಡ.

ಉತ್ತರ 4:
"ನಿಧಾನ ಇದ್ದೂ ಯಾಕೆ" ಅಂತ ಕೇಳಿದ್ದೀರಿ. ನಿಧಾನ ಇರೋದಕ್ಕೇ! ಸೈಕಲ್ ನಿಧಾನ ಮಾಡಿದಾಗ ತಾನೇ ಹ್ಯಾಂಡಲ್ ಅಲ್ಲಾಡೋದು? ಬಾಲ್‌ರೂಮ್‌ನ (ಜೋಡಿಯಾಗಿ ಕುಣಿಯೋ) ನಿಧಾನ ವಾಲ್ಟ್ಜ್ ನಿಮಿಷಕ್ಕೆ 84ರಿಂದ 90 ಬೀಟ್. ಒಂದು ಹೆಜ್ಜೆಗೆ ಮುಕ್ಕಾಲು ಸೆಕೆಂಡಿಗಿಂತ ಸ್ವಲ್ಪ ಕಡಿಮೆ. ಅಷ್ಟು ಹೊತ್ತು ಮೈಭಾರ ಒಂದೇ ಕಾಲ ಮೇಲೆ ನಿಲ್ಲಬೇಕು. ವಿಯೆನ್ನೀಸ್ ವಾಲ್ಟ್ಜ್ ಸುಮಾರು ಇದರ ಎರಡರಷ್ಟು ವೇಗ, ಅಲ್ಲಿ ರಭಸವೇ ಹೊತ್ತುಕೊಂಡು ಹೋಗುತ್ತೆ.

ಹಾಗಾಗಿ 1ಕ್ಕೆ ಮಾತ್ರ ಹೆಜ್ಜೆ ಉದ್ದ, 2, 3 ಚಿಕ್ಕವು. ಹಿಮ್ಮಡಿ ಎತ್ತಿ ತೇಲೋದು ನೋಡಲು ಚೆಂದ, ಆದರೆ ಮಂಡಿ ನೋವಿರೋವಾಗ ಅದನ್ನ ಬಿಡಿ, ಲೈನ್ ಡ್ಯಾನ್ಸ್‌ನಲ್ಲಿ ಯಾರೂ ಕೇಳಲ್ಲ. ಚಪ್ಪಟೆ ಪಾದದಲ್ಲೇ ಮಾಡಿ. ಶೂ ನೋಡಿಕೊಳ್ಳಿ: ರಬ್ಬರ್ ತಳ ನೆಲವನ್ನ ಕಚ್ಚಿ ಹಿಡಿಯುತ್ತೆ, ಮೈ ತಿರುಗುತ್ತೆ, ಪಾದ ತಿರುಗಲ್ಲ, ನಡುವೆ ಸಿಕ್ಕಿಹಾಕಿಕೊಳ್ಳೋದು ಮಂಡಿ. ನಾನು ಓಡೋ ಶೂ ಹಾಕಿಕೊಂಡು ಹೋಗಿ ಎರಡು ವಾರ ಮನೇಲಿ ಕೂತೆ. ನುಣುಪಾದ ಚರ್ಮದ ತಳ ಇದ್ದರೆ ಒಳ್ಳೇದು. ಅಂಗೈಗೆ ಅಂಗೈ ತಾಗಿಸೋ ಜಾಗ ಇದ್ದರೆ ಬರೀ ತಾಗಿಸಿ, ಭಾರ ಹಾಕಬೇಡಿ. ಎದುರಿನವರೂ ಒಂಟಿಕಾಲಲ್ಲೇ ಇರ್ತಾರೆ.

ಕೇಳಿದವರು:
ಆರರ ಎಣಿಕೆ ಹಿಡಿದು ಇವತ್ತು ಅಡುಗೆಮನೇಲಿ ನಿಧಾನಕ್ಕೆ ಮಾಡಿ ನೋಡಿದೆ. ಸಿಕ್ಕಿಬಿದ್ದೆ! 3ಕ್ಕೆ ನಾನು ಎಡಗಾಲನ್ನ ಪಕ್ಕಕ್ಕೆ ತಂದು ಸುಮ್ಮನೆ ನೆಲಕ್ಕೆ ಮುಟ್ಟಿಸ್ತಾ ಇದ್ದೆ, ಭಾರ ಹಾಕ್ತಾನೇ ಇರಲಿಲ್ಲ. ಹಾಗಾಗಿ 4ಕ್ಕೆ ಮತ್ತೆ ಎಡಗಾಲೇ ಏಳ್ತಿತ್ತು. ಒಬ್ಬಳೇ ಇದ್ದಾಗ ಎಲ್ಲೋ ಒಂದು ಹೆಜ್ಜೆ ನುಂಗಿ ಸರಿ ಮಾಡಿಕೊಳ್ತಿದ್ದೆ ಅನ್ಸುತ್ತೆ, ಗೊತ್ತೇ ಆಗಿರಲಿಲ್ಲ.

ಉತ್ತರ 2:
ಅದೇ, ನಾಲ್ಕರ ತಾಳದ ಹಳೇ ಅಭ್ಯಾಸ. ಅಲ್ಲಿ ಕೊನೆಗೆ ಕಾಲು ಮುಟ್ಟಿಸಿ ನಿಲ್ತೀವಲ್ಲ. ನಿಮ್ಮ ಈ ನೃತ್ಯದಲ್ಲಿ ಮೂರೂ ಹೆಜ್ಜೆಗೆ ಭಾರ ಬೀಳಲೇಬೇಕು. ಪರೀಕ್ಷೆ ಮಾಡಬೇಕಾದರೆ 3ರಲ್ಲಿ ನಿಂತು ಬಲಗಾಲು ಎತ್ತಿ ನೋಡಿ. ವಾಲದೆ ಎತ್ತೋಕೆ ಬಂದರೆ ಭಾರ ಎಡಗಾಲಿಗೆ ಬಂದಿದೆ ಅಂತ. ಡಿಕ್ಕಿ ಹೊಡೆಸಿಕೊಂಡವರನ್ನೇ ಮುಂದಿನ ವಾರ ಎದುರಿಗೆ ಕರೆದು ನಿಲ್ಲಿಸಿಕೊಳ್ಳಿ, ಅವರಿಗೂ ಇದೇ ತೊಂದರೆ ಇರಬಹುದು.