ಎಂಟನೇ ತರಗತಿಗೆ ‘ಗಿಡಕ್ಕೆ ತಾನೇ ನೀರು’ ಪ್ರಾಜೆಕ್ಟ್: ಪಂಪ್ ಶುರುವಾದರೆ ಬೋರ್ಡ್ ರೀಸೆಟ್

ಲ್ಯಾಬ್ ಮೇಷ್ಟ್ರು:
ಸರ್ಕಾರಿ ಪ್ರೌಢಶಾಲೆ, ಅಟಲ್ ಟಿಂಕರಿಂಗ್ ಲ್ಯಾಬ್ ಇದೆ. 36 ಮಕ್ಕಳು, 5 ಆರ್ಡುಯಿನೊ ಊನೊ ಬೋರ್ಡ್ (ಕೋಡ್ ಹಾಕಿ ನಡೆಸುವ ಪುಟ್ಟ ಸರ್ಕ್ಯೂಟ್ ಬೋರ್ಡ್), 40 ನಿಮಿಷದ 8 ಪೀರಿಯಡ್. ಮಣ್ಣು ಒಣಗಿದಾಗ ಪುಟ್ಟ ಪಂಪ್ ಓಡಿ ಕುಂಡಕ್ಕೆ ನೀರು ಬೀಳಬೇಕು, ಇಷ್ಟೇ ಪ್ರಾಜೆಕ್ಟ್. ಆದರೆ ಪಂಪ್ ಓಡಲು ಶುರುವಾದ ಕೂಡಲೇ ಬೋರ್ಡ್ ರೀಸೆಟ್ ಆಗುತ್ತದೆ. ಮಣ್ಣಿನ ತೇವ ಅಳೆಯುವ ಸೆನ್ಸರಿನ ಫೋರ್ಕ್ (ಮಣ್ಣಿಗೆ ಚುಚ್ಚುವ ಎರಡು ಕಾಲಿನ ಭಾಗ) ಬೇಗ ಕಿಲುಬು ಹಿಡಿಯುತ್ತದೆ. ಪಂಪ್ ನಿಂತ ಮೇಲೂ ನೀರು ಸುರಿಯುತ್ತಲೇ ಇರುತ್ತದೆ. ಇನ್ನು ಮಕ್ಕಳು ಕೋಡ್ ನಕಲು ಮಾಡಿ ‘ಆಯ್ತು ಸಾರ್’ ಅನ್ನುತ್ತಾರೆ. ಅಂಕ ಯಾವುದಕ್ಕೆ ಕೊಡಲಿ?

ತಂತಿಬೆಸುಗೆ:
ಪಂಪಿಗೆ ಬೋರ್ಡಿನ 5 ವೋಲ್ಟ್ ಪಿನ್ನಿನಿಂದ ಕರೆಂಟ್ ಕೊಟ್ಟಿದ್ದೀರಿ ಅನಿಸುತ್ತದೆ. ಮೋಟಾರ್ ಹೊರಡುವ ಕ್ಷಣದಲ್ಲಿ ಓಡುವಾಗಿನ ಕೆಲವು ಪಟ್ಟು ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಕುಸಿದು ಬೋರ್ಡ್ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಪಂಪಿಗೆ ಬೇರೆ ಸೆಲ್ ಇಡಿ: 3 ಡಬಲ್‌ಎ ಸೆಲ್, 4.5 ವೋಲ್ಟ್. ಚೌಕಾಕಾರದ 9 ವೋಲ್ಟ್ ಬ್ಯಾಟರಿ ಬೇಡವೇ ಬೇಡ, ಮೋಟಾರ್ ಓಡಿಸುವ ತಾಕತ್ತು ಅದಕ್ಕಿಲ್ಲ. ಪಂಪಿನ ಎರಡು ತಂತಿಗಳ ನಡುವೆ 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಿ, ಬಿಳಿ ಪಟ್ಟಿಯ ತುದಿ ಪ್ಲಸ್ ಕಡೆಗೆ. ತಿರುಗಿಸಿ ಹಾಕಿದರೆ ಸೆಲ್ ಶಾರ್ಟ್ ಆಗಿ ಬಿಸಿಯಾಗುತ್ತದೆ, ಮಕ್ಕಳಿಗೆ ಮೊದಲೇ ಹೇಳಿ.

ಪಂಪನ್ನು ಆನ್-ಆಫ್ ಮಾಡಲು ಬಳಸುವುದು ರಿಲೇ ಮಾಡ್ಯೂಲ್ (ಬೋರ್ಡಿನ ಸಂಕೇತಕ್ಕೆ ಓಡುವ ಸ್ವಿಚ್) ಆದರೆ ಪಂಪಿನ ಸರ್ಕ್ಯೂಟ್ ಪೂರ್ತಿ ಬೇರೆಯೇ ಇರಬಹುದು. ರಿಲೇ ಬದಲು ಟ್ರಾನ್ಸಿಸ್ಟರ್ ಬಳಸಿದರೆ ಮಾತ್ರ ಸೆಲ್ಲಿನ ಮೈನಸ್ಸನ್ನು ಬೋರ್ಡಿನ ಗ್ರೌಂಡಿಗೆ ಸೇರಿಸಲೇಬೇಕು. ಇದನ್ನು ಮರೆತರೆ ‘ಎಲ್ಲಾ ಸರಿಯಿದೆ, ಓಡ್ತಿಲ್ಲ’ ಎನ್ನುವ ಸ್ಥಿತಿ. ಮಾರುಕಟ್ಟೆಯ ಎಷ್ಟೋ ರಿಲೇಗಳು ‘ಲೋ’ (0 ವೋಲ್ಟ್) ಕೊಟ್ಟಾಗ ಆನ್ ಆಗುವಂಥವು. ಅಂಥದ್ದಾದರೆ ಕೋಡಿನ ಸೆಟಪ್ಪಿನಲ್ಲಿ (ಶುರುವಿನಲ್ಲಿ ಒಮ್ಮೆ ಮಾತ್ರ ಓಡುವ ಭಾಗ) ಮೊದಲು ‘ಹೈ’ (5 ವೋಲ್ಟ್) ಬರೆದು, ಆಮೇಲೆ ಪಿನ್ನನ್ನು ಔಟ್‌ಪುಟ್ ಮಾಡಿ. ಇಲ್ಲದಿದ್ದರೆ ಬೋರ್ಡ್ ಆನ್ ಮಾಡಿದಾಗಲೆಲ್ಲ ಪಂಪ್ ಒಮ್ಮೆ ಎಗರುತ್ತದೆ.

ಕಿಲುಬಿಗೆ ಕಾರಣ, ಒದ್ದೆ ಮಣ್ಣಿನಲ್ಲಿ ಸದಾ ಕರೆಂಟ್ ಹರಿದು ಒಂದು ಕಾಲಿನ ತಾಮ್ರ ಕರಗುವುದು. ಸೆನ್ಸರಿನ ಪ್ಲಸ್ ತಂತಿಯನ್ನು 5 ವೋಲ್ಟಿನಿಂದ ತೆಗೆದು ಬೋರ್ಡಿನ 7ನೇ ಪಿನ್ನಿಗೆ ಕೊಡಿ. ಓದುವಾಗ ಮಾತ್ರ ಆನ್, 100 ಮಿಲಿಸೆಕೆಂಡ್ ಕಾದು ಓದು, ಆಫ್.

ನೀರು ನಿಲ್ಲದಿರುವುದಕ್ಕೆ ಕೋಡ್ ಹುಡುಕಬೇಡಿ, ಅದು ಸೈಫನ್, ಅಂದರೆ ಒಮ್ಮೆ ಪೈಪ್ ತುಂಬಿದ ಮೇಲೆ ನೀರು ತಾನಾಗಿಯೇ ಕೆಳಗಿನ ತುದಿಗೆ ಹರಿಯುವುದು. ಪೈಪಿನ ತುದಿ ಬಕೆಟ್ಟಿನ ನೀರಿನ ಮಟ್ಟಕ್ಕಿಂತ ಕೆಳಗಿದೆ. ಕುಂಡವನ್ನು ಎತ್ತರದಲ್ಲಿಡಿ. ಜೊತೆಗೆ ಪಂಪನ್ನು 2 ಸೆಕೆಂಡ್ ಓಡಿಸಿ ಒಂದು ನಿಮಿಷ ಕಾಯಿಸಿ. ನೀರು ಸೆನ್ಸರಿನ ತನಕ ಇಳಿಯಲು ಹೊತ್ತು ಬೇಕು. ಕಾಯದೆ ಓಡಿಸಿದರೆ ಕುಂಡ ಕೆರೆಯಾಗುತ್ತದೆ.

ರಟ್ಟುಕತ್ತರಿ:
ವೈರಿಂಗ್ ಬಗ್ಗೆ ಮೇಲೆ ಹೇಳಿದ್ದು ಸರಿ. ಆದರೆ ನಕಲಿನ ಮೂಲ ಬೇರೆ ಕಡೆ ಇದೆ. ಉತ್ತರ ಆರ್ಡುಯಿನೊ ಅಂತ ನೀವೇ ಮೊದಲು ಹೇಳಿಬಿಟ್ಟರೆ ಮಕ್ಕಳಿಗೆ ವಿನ್ಯಾಸ ಮಾಡಲು ಏನೂ ಉಳಿಯುವುದಿಲ್ಲ. ಕಿಟ್ ಬೀರುವಿನಲ್ಲೇ ಇರಲಿ. ಸವಾಲು ಹೀಗೆ ಕೊಡಿ: ದಸರಾ ರಜೆಯ 14 ದಿನ, 2 ಲೀಟರ್ ನೀರು, ಯಾರೂ ಶಾಲೆಗೆ ಬರುವುದಿಲ್ಲ, ಮೇನ್ ಸ್ವಿಚ್ ಆಫ್. ತುಳಸಿ ಗಿಡ ಬದುಕಬೇಕು.

ಮೊದಲ ಕೆಲಸ ಅಳತೆ. ಬಿಸಿಯೂಟದ ಕೋಣೆಯಲ್ಲಿ ಗ್ರಾಂ ತೋರಿಸುವ ತಕ್ಕಡಿ ಇದ್ದರೆ ಕುಂಡವನ್ನು ದಿನಾ ಒಂದೇ ಹೊತ್ತಿಗೆ ತೂಗಿಸಿ. ಕಡಿಮೆಯಾದ ಪ್ರತಿ ಗ್ರಾಂ ಒಂದು ಮಿಲಿಲೀಟರ್ ನೀರು. ದಿನಕ್ಕೆ 120 ಗ್ರಾಂ ಇಳಿದರೆ 14 ದಿನಕ್ಕೆ 1,680 ಮಿಲಿಲೀಟರ್. ಪೋಲಾಗಲು ಉಳಿಯುವುದು 320 ಮಾತ್ರ.

ಆಮೇಲೆ ಪ್ರತಿ ಗುಂಪೂ ಕನಿಷ್ಠ ಮೂರು ದಾರಿಗಳ ಚಿತ್ರ ಬರೆಯಲಿ: ಹಳೇ ಹತ್ತಿ ಸೀರೆಯ ಬತ್ತಿ, ಮುಚ್ಚಳಕ್ಕೆ ಸೂಜಿತೂತು ಮಾಡಿ ಬೋರಲು ಹಾಕಿದ ಬಾಟಲಿ, ಪಂಪ್. ಪಂಪಿನ ಗುಂಪಿಗೆ ಬ್ಯಾಟರಿ ಲೆಕ್ಕ ಮಾಡಿಸಿ. ಊನೊ ಸುಮ್ಮನಿದ್ದರೂ ಸುಮಾರು 50 ಮಿಲಿಆಂಪ್ ತಿನ್ನುತ್ತದೆ. 2,000 ಮಿಲಿಆಂಪ್-ಅವರ್ ಸೆಲ್ಲುಗಳ ಸಾಲು 40 ಗಂಟೆಗೆ ಖಾಲಿ. ಈ ಸವಾಲಿಗೆ ಬತ್ತಿಯೇ ಗೆಲ್ಲಬಹುದು. ಗೆಲ್ಲಲಿ ಬಿಡಿ, ಅದೂ ತಂತ್ರಜ್ಞಾನವೇ.

20 ಅಂಕದಲ್ಲಿ ಅಳತೆಗೆ 5, ಪರ್ಯಾಯ ಚಿತ್ರಗಳಿಗೆ 5, ಪರೀಕ್ಷೆ ಮಾಡಿ ಬದಲಿಸಿದ್ದಕ್ಕೆ 7. ಓಡಿತೋ ಇಲ್ಲವೋ ಅನ್ನುವುದಕ್ಕೆ 3 ಸಾಕು.

ಲ್ಯಾಬ್ ಮೇಷ್ಟ್ರು:
ಬ್ಯಾಟರಿ ಲೆಕ್ಕ ಹೊಳೆದೇ ಇರಲಿಲ್ಲ. ನಾಲ್ಕು ನಾಲ್ಕು ಮಕ್ಕಳ 9 ಗುಂಪು ಆಗುತ್ತದೆ, ಬೋರ್ಡ್ 5. ಹೇಗೆ ಹಂಚಲಿ?

ರಟ್ಟುಕತ್ತರಿ:
ಬೋರ್ಡ್ ಎಲ್ಲರಿಗೂ ಬೇಕಿಲ್ಲ, ಪಂಪ್ ಆರಿಸಿದವರಿಗೆ ಸಾಕು. ಪಠ್ಯಕ್ಕಾಗಿ ಎಲ್ಲರೂ ಕೋಡ್ ಮುಟ್ಟಲೇಬೇಕು ಅಂದರೆ, ಒಂದು ಪೀರಿಯಡ್ 5 ಗುಂಪು ಬೋರ್ಡಿನ ಮೇಲೆ, 4 ಗುಂಪು ಬತ್ತಿಯ ಪರೀಕ್ಷೆಯಲ್ಲಿ. ಮುಂದಿನ ಪೀರಿಯಡ್ ಅದಲುಬದಲು.

ತಂತಿಬೆಸುಗೆ:
ಕೋಡನ್ನು ಪೂರ್ತಿ ಕೊಡಬೇಡಿ ಮೇಷ್ಟ್ರೇ. ಸೆನ್ಸರ್ ಯಾವ ಸಂಖ್ಯೆ ತೋರಿಸಿದಾಗ ಪಂಪ್ ಆನ್ ಆಗಬೇಕು ಅನ್ನುವ ಜಾಗ ಖಾಲಿ ಬಿಡಿ. 5 ವೋಲ್ಟಿನಲ್ಲಿ ಸೆನ್ಸರಿನ ಫೋರ್ಕ್ ಗಾಳಿಯಲ್ಲಿ 1023ರ (ಬೋರ್ಡ್ ಓದಬಲ್ಲ ಗರಿಷ್ಠ ಸಂಖ್ಯೆ) ಹತ್ತಿರ ತೋರಿಸುತ್ತದೆ, ಒದ್ದೆಯಾದಷ್ಟೂ ಸಂಖ್ಯೆ ಇಳಿಯುತ್ತದೆ. ಕೆಂಪು ಮಣ್ಣಿಗೂ ಎರೆ ಮಣ್ಣಿಗೂ ಬೇರೆ ಬೇರೆ ಬರುವುದರಿಂದ ಪಕ್ಕದ ಗುಂಪಿನ ಸಂಖ್ಯೆ ಕದ್ದರೂ ಕೆಲಸಕ್ಕೆ ಬರುವುದಿಲ್ಲ. ಗುಂಪಿಗೊಂದು ಬಗೆಯ ಮಣ್ಣು ಕೊಡಿ.